ಸಗಣಿ ತಿನ್ನುವ ನಾಯಿ, ಕಂದು ಹಾಕುವ ದನ

ಹಳ್ಳಿ ನಾಯಿ ಸಗಣಿಗೆ ಬಾಯಿ ಹಾಕುವುದು ಹೊಸದೇನಲ್ಲ. ಅರಗದೆ ಬಿದ್ದ ಜೋಳದ ಕಾಳು, ಹಿಂಡಿಯ ವಾಸನೆ, ಹಾಲು ಕುಡಿಯುವ ಕರುವಿನ ಸಗಣಿ, ಇವೆಲ್ಲ ಅದಕ್ಕೆ ರುಚಿ. ಆರೋಗ್ಯವಾಗಿರುವ ದನದ ಸಗಣಿ ಒಂದು ತುತ್ತು ತಿಂದರೆ ದೊಡ್ಡ ನಾಯಿಗೆ ಸಾಮಾನ್ಯವಾಗಿ ಏನೂ ಆಗೋದಿಲ್ಲ. ಹೆಚ್ಚೆಂದರೆ ಒಂದು ದಿನ ವಾಂತಿ, ಭೇದಿ. ಆದರೆ ಮೂರು ಸಂದರ್ಭದಲ್ಲಿ ನಾವು ಸುಮ್ಮನಿರಬಾರದು.

ನಾನು ಚಳ್ಳಕೆರೆ ಕಡೆಯ ಮಳೆ ನಂಬಿದ ಬೇಸಾಯಗಾರ. ಶೇಂಗಾ ಕೈಕೊಟ್ಟ ವರ್ಷ ನಮ್ಮನ್ನು ದಾಟಿಸೋದು ಎಮ್ಮೆ ಮತ್ತು ಕುರಿ. ಅವನ್ನು ಕಾಯೋದು ನಾಯಿ. ಹಾಗಾಗಿ ಪಶುವೈದ್ಯರನ್ನು ಕೇಳಿ ತಿಳಿದದ್ದನ್ನು, ಊರಲ್ಲಿ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಒಂದು: ಔಷಧ ಕೊಟ್ಟ ದನದ ಸಗಣಿ

ಜಂತುಹುಳು, ಹೇನು, ಕಜ್ಜಿಗೆ ದನಗಳಿಗೆ ಐವರ್ಮೆಕ್ಟಿನ್ ಚುಚ್ಚುತ್ತಾರೆ. ಇದರ ಬಹುಪಾಲು ಸಗಣಿಯಲ್ಲೇ ಹೊರಗೆ ಬರುತ್ತದೆ. ಮೊದಲ ಕೆಲವು ದಿನ ಹೆಚ್ಚು. ಸಗಣಿ ಉರುಳಿಸುವ ಹುಳಗಳಿಗೂ ಇದು ಕೇಡು. ನಾಯಿಗೆ ಒಂದು ತುತ್ತಿನಿಂದ ವಿಷವೇರುವುದು ಅಪರೂಪ, ಆದರೆ ಮರಿಗಳಿಗೆ, ದಿನವೂ ತಿನ್ನುವ ನಾಯಿಗೆ ಅಪಾಯ ಉಂಟು. ಕೋಲಿ ಜಾತಿಯ ಹಲವು ನಾಯಿಗಳಿಗಂತೂ ಹುಟ್ಟಿನಿಂದಲೇ ಈ ಔಷಧ ಆಗಿಬರೋದಿಲ್ಲ.

ಸಗಣಿಗಿಂತ ಹೆಚ್ಚಿನ ಅಪಾಯ ಉಳಿದ ಔಷಧದ್ದು. ದನದ ಇಂಜೆಕ್ಷನ್ 1 ಮಿ.ಲೀ.ನಲ್ಲಿ 10 ಮಿ.ಗ್ರಾಂ. ಔಷಧ ಇರುತ್ತದೆ, ಅದು 50 ಕೆ.ಜಿ. ತೂಕದ ದನಕ್ಕೆ ಸಾಕು. 10 ಕೆ.ಜಿ. ನಾಯಿ ಅಷ್ಟನ್ನೂ ನೆಕ್ಕಿದರೆ ಲೆಕ್ಕ ನೀವೇ ಹಾಕಿ. ನಾಯಿ ತೂರಾಡುವುದು, ಜೊಲ್ಲು ಸುರಿಸುವುದು, ನಡುಗುವುದು, ಕಣ್ಣು ಕಾಣದಂತಾಗುವುದು ಇದರ ಲಕ್ಷಣ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಯಾವ ಔಷಧ, ಯಾವತ್ತು ಕೊಟ್ಟದ್ದು ಅನ್ನೋದನ್ನು ಡಾಕ್ಟರಿಗೆ ಹೇಳಬೇಕು.

ಎರಡು: ಭೇದಿ ಹತ್ತಿದ ಕರುವಿನ ಸಗಣಿ

ಇದರಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣು ಇರಬಹುದು. ನಾಯಿಗೂ ಭೇದಿ ಹತ್ತುತ್ತದೆ. ಕೆಲವು ಸಲ ನಾಯಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಅದೇ ಬಾಯಲ್ಲಿ ಬಂದು ಮಕ್ಕಳ ಕೈ ನೆಕ್ಕುತ್ತದೆ.

ಮೂರು: ಕಂದು, ಕಸ, ಹಸಿ ಮಾಂಸ

ಎಲ್ಲಕ್ಕಿಂತ ದೊಡ್ಡ ಅಪಾಯ ಇಲ್ಲೇ ಇದೆ. ನಮ್ಮೂರಲ್ಲಿ ಒಬ್ಬರ ಎಮ್ಮೆ ಏಳು ತಿಂಗಳಿಗೆ ಕಂದು ಹಾಕಿತು. ಅದನ್ನು ಬೇಲಿಯಾಚೆ ಎಸೆದರು. ಬೆಳಗಾಗುವಷ್ಟರಲ್ಲಿ ನಾಯಿಗಳು ಮೂರು ಹೊಲ ದಾಟಿಸಿದ್ದವು.

ಗಬ್ಬವಾಗಿ ಐದು ತಿಂಗಳು ಕಳೆದ ಮೇಲೆ ಕಂದು ಹಾಕಿದರೆ ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್ ಇರಬಹುದು. ಕಂದಿನಲ್ಲಿ, ಕಸದಲ್ಲಿ, ದ್ರವದಲ್ಲಿ ಆ ರೋಗಾಣು ತುಂಬಿರುತ್ತವೆ. ತಿಂದ ನಾಯಿಗೂ ಅಂಟಬಹುದು. ಬರಿಗೈಲಿ ಮುಟ್ಟಿದ, ಹಸಿ ಹಾಲು ಕುಡಿದ ಮನುಷ್ಯರಿಗೆ ಬಂದುಹೋಗುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತದೆ.

ನಿಯೋಸ್ಪೊರಾ ಅನ್ನೋ ಇನ್ನೊಂದು ಜೀವಿಯೂ ಕಂದು ಹಾಕಿಸುತ್ತದೆ. ನಾಯಿ ಕಂದು, ಕಸ ತಿಂದು ಇದನ್ನು ಅಂಟಿಸಿಕೊಳ್ಳುತ್ತದೆ. ಆಮೇಲೆ ಬಣವೆಯ ಮೇಲೆ, ಗೋದಲಿಯಲ್ಲಿ ಹೇಸಿಗೆ ಮಾಡುತ್ತದೆ. ಆ ಮೇವು ತಿಂದ ದನ ಮತ್ತೆ ಕಂದು ಹಾಕಬಹುದು. ತಾಯಿಯಿಂದ ಹೊಟ್ಟೆಯಲ್ಲಿರುವ ಕರುವಿಗೂ ಹೋಗುತ್ತದೆ. ದನಕ್ಕೆ ಇದನ್ನು ವಾಸಿಮಾಡುವ ಔಷಧ ಇಲ್ಲ.

ಕುರಿ ಕೊಯ್ದಾಗ ನೀರುಗುಳ್ಳೆ ಇರುವ ಈಲಿ, ಶ್ವಾಸಕೋಶ, ಮಿದುಳು ನಾಯಿಗೆ ಎಸೆಯುವುದೂ ಹೀಗೇ. ಗುಳ್ಳೆಯೊಳಗಿನದು ನಾಯಿ ಕರುಳಲ್ಲಿ ಲಾಡಿಹುಳು ಆಗುತ್ತದೆ. ಅದರ ಮೊಟ್ಟೆ ಹೇಸಿಗೆಯಲ್ಲಿ ಬಿದ್ದು ಮೇವಿನ ಮೂಲಕ ಕುರಿಗೆ ಸೇರುತ್ತದೆ. ಒಂದು ಬಗೆಯದು ಕುರಿಯ ಮಿದುಳಿಗೆ ಹೋಗಿ ಅದು ಒಂದೇ ಕಡೆ ಸುತ್ತುತ್ತಾ ಸಾಯುತ್ತದೆ. ಇನ್ನೊಂದು ಬಗೆಯದು ಮನುಷ್ಯರ ಈಲಿಯಲ್ಲೂ ಗುಳ್ಳೆ ಮಾಡುತ್ತದೆ.

ನಾವು ಮಾಡಬೇಕಾದದ್ದು

1. ಔಷಧ ಕೊಟ್ಟ ಮೇಲೆ ಎರಡು ವಾರ ಸಗಣಿಯನ್ನು ದಿನವೂ ಬಾಚಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಖಾಲಿ ಬಾಟಲಿ, ಸಿರಿಂಜು ತಿಪ್ಪೆಗೆ ಎಸೆಯಬೇಡಿ.
2. ಕಂದು, ಕಸ ಬಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಂಡು ಎತ್ತಿ. ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ಮೇಲೆ ಜಾಲಿಮುಳ್ಳು, ಕಲ್ಲು ಹೇರಿ. ಹೂಳುವ ಮುಂಚೆ ಡಾಕ್ಟರಿಗೆ ತಿಳಿಸಿದರೆ ಪರೀಕ್ಷೆಗೆ ಅನುಕೂಲ. ಬಸುರಿ ಹೆಂಗಸರು ಮುಟ್ಟುವುದು ಬೇಡ.
3. 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಕಂದು ರೋಗದ ಲಸಿಕೆ ಒಮ್ಮೆ ಹಾಕಿಸಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದೂ ಸೇರಿದೆ. ಗಂಡುಗರುವಿಗೆ, ಗಬ್ಬದ ದನಕ್ಕೆ ಇದನ್ನು ಹಾಕಿಸುವಂತಿಲ್ಲ.
4. ಹಸಿ ಈಲಿ, ತಲೆ, ಕರುಳು ನಾಯಿಗೆ ಕೊಡಬೇಡಿ. ಚೆನ್ನಾಗಿ ಬೇಯಿಸಿ ಕೊಡಿ, ಇಲ್ಲವೇ ಹೂಳಿ.
5. ಮೂರು ತಿಂಗಳಿಗೊಮ್ಮೆ ನಾಯಿಗೆ ಲಾಡಿಹುಳುವಿನ ಔಷಧ ಡಾಕ್ಟರನ್ನು ಕೇಳಿಯೇ ಕೊಡಿ. ದನದ ಔಷಧವನ್ನು ಅಂದಾಜಿನ ಮೇಲೆ ಹಾಕಬೇಡಿ.
6. ಬಣವೆ ಸುತ್ತ ಮುಳ್ಳು ಕಟ್ಟಿ. ಗೋದಲಿ, ನೀರಿನ ಬಾನಿ ನಾಯಿಗೆ ಎಟುಕದಂತಿರಲಿ.
7. ಹಾಲು ಉಕ್ಕಿಸಿಯೇ ಕುಡಿಯಿರಿ.

ಇದರಲ್ಲಿ ಹೆಚ್ಚಿನದಕ್ಕೆ ದುಡ್ಡು ಬೇಕಿಲ್ಲ, ಒಂದು ಗುದ್ದಲಿ ಸಾಕು. ಗಬ್ಬದ ಎಮ್ಮೆಯ ಒಂದು ಸೂಲು ಹೋದರೆ ಆಗುವ ನಷ್ಟದ ಮುಂದೆ ಒಂದು ಗುಂಡಿ ತೋಡುವ ಶ್ರಮ ಏನೇನೂ ಅಲ್ಲ.