ಪನೋರಮಾ ಛಾಯಾಗ್ರಹಣ: ಒಂದು ಅಭ್ಯಾಸ

ಗ್ರೀಕ್ ಭಾಷೆಯಲ್ಲಿ ‘ಪ್ಯಾನ್’ ಎಂದರೆ ಸಮಸ್ತ, ‘ಹೊರಾಮ’ ಎಂದರೆ ನೋಟ. ಇವೆರಡೂ ಕೂಡಿ ಆದ ‘ಪನೋರಮಾ’ ಎಂಬ ಹೆಸರು ಛಾಯಾಗ್ರಹಣಕ್ಕಿಂತಲೂ ಹಳೆಯದು. ನೋಡುವವನ ಸುತ್ತಲೂ ವರ್ತುಲಾಕಾರವಾಗಿ ಹಬ್ಬುವ ಚಿತ್ರಕ್ಕೆ ಐರ್ಲೆಂಡ್ ಮೂಲದ ಚಿತ್ರಕಾರ ರಾಬರ್ಟ್ ಬಾರ್ಕರ್ 1787ರಲ್ಲಿ ಪೇಟೆಂಟ್ ಪಡೆದನು. ಆ ಚಿತ್ರವನ್ನು ನಡುವಿನ ಒಂದೇ ನೆಲೆಯಲ್ಲಿ ನಿಂತು ನೋಡಬೇಕಾಗಿತ್ತು. ಕ್ಯಾಮರಾ ಬಂದ ಮೇಲೂ ಈ ನಿಯಮ ಬದಲಾಗಿಲ್ಲ. ಹಲವು ಚಿತ್ರಗಳನ್ನು ಜೋಡಿಸುವುದಕ್ಕಿಂತ ಒಂದು ನೆಲೆಯನ್ನು ಬಿಡದೆ ತಿರುಗುವುದೇ ಈ ಹವ್ಯಾಸದ ನಿಜವಾದ ಕಲಿಕೆ.

ಆರಂಭದ ಅಭ್ಯಾಸಕ್ಕೆ ಮಣಿಪಾಲದ ಎಂಡ್ ಪಾಯಿಂಟ್ ತಕ್ಕ ಸ್ಥಳ. ಅಲ್ಲಿಂದ ಕೆಳಗೆ ಕಾಣುವ ಸ್ವರ್ಣಾ ನದಿ, ಹಸುರು ಬಯಲು ಎಲ್ಲವೂ ದೂರದವು. ಕ್ಯಾಮರಾವನ್ನು ನಿಲುವಾಗಿ ಹಿಡಿದು, ಒಂದು ಚಿತ್ರದ ಮೂರನೆಯ ಒಂದು ಭಾಗ ಮುಂದಿನದರಲ್ಲಿಯೂ ಬರುವಂತೆ ತಿರುಗಬೇಕು. 35 ಮಿ.ಮೀ. ಫಿಲ್ಮಿನ ಅಥವಾ ಅದೇ ಅಳತೆಯ ಡಿಜಿಟಲ್ ಕ್ಯಾಮರಾಕ್ಕೆ 50 ಮಿ.ಮೀ. ಮಸೂರವಿದ್ದರೆ, ನಿಲುವು ಚಿತ್ರದ ಅಗಲ ಸುಮಾರು 27 ಡಿಗ್ರಿ. ಪ್ರತಿ ಸಲ 18 ಡಿಗ್ರಿ ತಿರುಗಿದರೆ ಅರ್ಧವೃತ್ತಕ್ಕೆ 10 ಚಿತ್ರಗಳು, ಪೂರ್ಣವೃತ್ತಕ್ಕೆ 20 ಚಿತ್ರಗಳು ಬೇಕಾಗುತ್ತವೆ. ಬೆಳಕಿನ ಪ್ರಮಾಣ, ಫೋಕಸ್, ಬಣ್ಣದ ಸಮತೋಲ ಇವನ್ನು ಮೊದಲೇ ನಿಗದಿಪಡಿಸಿ ಕೊನೆಯವರೆಗೂ ಬದಲಿಸಬಾರದು. ಬದಲಿಸಿದರೆ ಆಕಾಶದಲ್ಲಿ ಪಟ್ಟೆಗಳು ಮೂಡುತ್ತವೆ.

ಕಾಪುವಿನಲ್ಲಿ ಬೇರೆಯೇ ತೊಡಕು. 1901ರಲ್ಲಿ ಕಟ್ಟಿದ ದೀಪಸ್ತಂಭದ ಬಂಡೆಯಿಂದ ಕಾಣುವ ಕಡಲಂಚು ನೇರವಾದ ಗೆರೆ. ಟ್ರೈಪಾಡಿನ ಮಟ್ಟ ತುಸು ತಪ್ಪಿದರೂ ಆ ಗೆರೆ ಡೊಂಕಾಗುವುದು. ತೆರೆಗಳಂತೂ ಒಂದು ಚಿತ್ರದಿಂದ ಇನ್ನೊಂದಕ್ಕೆ ಹೊಂದುವುದಿಲ್ಲ. ಆದ್ದರಿಂದ ಸಾಧ್ಯವಾದೆಡೆ ಜೋಡಣೆಯ ಅಂಚು ಬಂಡೆಯ ಮೇಲೆ ಬೀಳುವಂತೆ ನೋಡಿಕೊಳ್ಳಬೇಕು.

ಅಭ್ಯಾಸಿಯ ನಿಜವಾದ ಪರೀಕ್ಷೆ ಉಡುಪಿಯ ರಥಬೀದಿಯಲ್ಲಿ ನಡೆಯುತ್ತದೆ. ಅಷ್ಟಮಠಗಳು, ಅನಂತೇಶ್ವರ ಮತ್ತು ಚಂದ್ರಮೌಳೀಶ್ವರ ದೇವಾಲಯಗಳು ಎಲ್ಲವೂ ಅಲ್ಲಿ ಹತ್ತಿರದಲ್ಲಿಯೇ ಇವೆ. ಒಂದು ಕಣ್ಣು ಮುಚ್ಚಿ, ಚಾಚಿದ ಬೆರಳನ್ನು ಅಲುಗಿಸದೆ, ಕತ್ತನ್ನು ಮಾತ್ರ ಎಡಬಲಕ್ಕೆ ತಿರುಗಿಸಿ ನೋಡಿದರೆ ಬೆರಳು ಹಿಂದಿನ ಗೋಡೆಯ ಮೇಲೆ ಜರುಗಿದಂತೆ ಕಾಣುತ್ತದೆ. ತಿರುಗುವ ಅಕ್ಷ ಕತ್ತಿನಲ್ಲಿದ್ದು ಕಣ್ಣು ಅದರ ಮುಂದಿರುವುದೇ ಇದಕ್ಕೆ ಕಾರಣ. ಟ್ರೈಪಾಡಿನ ತಿರುಪು ಕ್ಯಾಮರಾದ ಅಡಿಯಲ್ಲಿದ್ದು, ಬೆಳಕು ಒಳಸೇರುವ ರಂಧ್ರ ಮಸೂರದಲ್ಲಿ ಮುಂದಿರುವಾಗಲೂ ಇದೇ ದೋಷ ಉಂಟಾಗುತ್ತದೆ. ಹತ್ತಿರದ ಕಂಬವೊಂದು ದೂರದ ಕಂಬವನ್ನು ಮರೆಮಾಡುವಂತೆ ನಿಂತು ಕ್ಯಾಮರಾವನ್ನು ತಿರುಗಿಸಬೇಕು. ದೂರದ ಕಂಬ ಇಣುಕಿದರೆ, ಅದು ಇಣುಕದಿರುವವರೆಗೆ ಕ್ಯಾಮರಾವನ್ನು ಹಿಂದೆ ಸರಿಸುತ್ತ ಹೋಗಬೇಕು. ಮೊಬೈಲ್ ಫೋನಿನಲ್ಲಿ ತೆಗೆಯುವವರು ಕೈ ಚಾಚಿ ಗಿರ್ರನೆ ತಿರುಗುವುದುಂಟು. ಫೋನನ್ನು ನಡುವೆ ಇರಿಸಿ ತಾವೇ ಅದರ ಸುತ್ತ ಹೆಜ್ಜೆ ಹಾಕುವುದು ಸರಿಯಾದ ಕ್ರಮ.

ಈಗಿನ ಗಣಕಯಂತ್ರ ಇಂಥ ದೋಷಗಳನ್ನು ಜಾಣತನದಿಂದ ಮುಚ್ಚುತ್ತದೆ. ಆದರೆ ನಡೆದುಹೋಗುವ ಒಬ್ಬನೇ ಭಕ್ತ ಎರಡು ಕಡೆ ಕಾಣಿಸಿಕೊಳ್ಳಬಹುದು, ಮಠದ ಕಂಬವೊಂದು ಕಾಣೆಯಾಗಬಹುದು. ಅಂಥ ಚಿತ್ರ ಕಣ್ಣಿಗೆ ಹಿತವಾದರೂ ಬೀದಿಯ ದಾಖಲೆಯಾಗಲಾರದು.

ಕಾರ್ಕಳದಲ್ಲಿ 1586ರ ಚತುರ್ಮುಖ ಬಸದಿಯನ್ನು ಹತ್ತಿರದಿಂದ ಹೀಗೆ ತೆಗೆದರೆ ಅದರ ನೇರವಾದ ಮಾಡು ಬಿಲ್ಲಿನಂತೆ ಬಾಗುತ್ತದೆ. ಸುತ್ತಿನ ನೋಟವನ್ನು ಸಪಾಟು ಹಾಳೆಗೆ ಇಳಿಸುವುದರ ಫಲವಿದು. ಎದುರಿನ ಬೆಟ್ಟದಲ್ಲಿ 1432ರಲ್ಲಿ ಪ್ರತಿಷ್ಠಾಪಿತವಾದ 42 ಅಡಿಯ ಗೊಮ್ಮಟ, ಹತ್ತು ಚಿತ್ರಗಳ ಅಗಲದಲ್ಲಿ ಅಕ್ಕಿಕಾಳಿನಷ್ಟೇ ಆಗಿಬಿಡುತ್ತಾನೆ. ಆ ಮುಖದ ಶಾಂತಿ ಬೇಕೆನ್ನುವವರು ಬೆಟ್ಟವೇರಿ, ಬೇರೆ ಮಸೂರದಿಂದ ಒಂದೇ ಚಿತ್ರ ತೆಗೆಯುತ್ತಾರೆ.