ಬಣ್ಣದ ಓಟಕ್ಕೆ ಒಂಬತ್ತು ವಾರ

ದೊಡ್ಡಗಾಜನೂರಿನ ರಸ್ತೆಯಲ್ಲಿ ನಾನು ಮೊದಲ ಸಲ ಓಡಿದ ದಿನ ಹೊಲಕ್ಕೆ ಹೊರಟಿದ್ದ ಅಜ್ಜಿಯೊಬ್ಬರು ಗಾಬರಿಯಿಂದ ಕೇಳಿದ್ದರು: “ಯಾಕವ್ವ ಓಡ್ತಾ ಇದ್ದಯ್, ಆನ ಬಂತಾ?” ಕಾಡಂಚಿನ ಊರಿನಲ್ಲಿ ಕಾರಣವಿಲ್ಲದೆ ಯಾರೂ ಓಡುವುದಿಲ್ಲ. ನನಗೂ ಕಾರಣವಿತ್ತು. ಬೆಂಗಳೂರಿನಲ್ಲಿ ಓದುತ್ತಿದ್ದ ಮಗಳು ತನ್ನ ಹೆಸರಿನ ಜೊತೆ ನನ್ನ ಹೆಸರನ್ನೂ ಬಣ್ಣದ ಓಟಕ್ಕೆ ಬರೆಸಿಬಿಟ್ಟಿದ್ದಳು. ಐದು ಕಿಲೋಮೀಟರ್ ಓಟ. ಆಗ ನನಗೆ 44 ವರ್ಷ.

ಬಿಳಿ ಅಂಗಿ ತೊಟ್ಟು ಹೊರಡಬೇಕು, ಹೆಚ್ಚುಕಡಿಮೆ ಕಿಲೋಮೀಟರಿಗೊಂದು ಕಡೆ ನಿಂತವರು ಮೈಮೇಲೆ ಬಣ್ಣದ ಪುಡಿ ಎರಚುತ್ತಾರೆ. ಸಮಯ ಅಳೆಯುವುದಿಲ್ಲ, ಗೆದ್ದವರು ಸೋತವರು ಅಂತಿಲ್ಲ. ಅಮೆರಿಕದ ಟ್ರಾವಿಸ್ ಸ್ನೈಡರ್ 2011ರಲ್ಲಿ ‘ದಿ ಕಲರ್ ರನ್’ ಹುಟ್ಟುಹಾಕಿದರು. ಅದರ ಮೊದಲ ಓಟ 2012ರ ಜನವರಿಯಲ್ಲಿ ಅರಿಜೋನಾದ ಟೆಂಪಿಯಲ್ಲಿ ನಡೆಯಿತು. ನಮ್ಮ ಹೋಳಿಯೂ ಅದಕ್ಕೆ ಪ್ರೇರಣೆ. ನಮ್ಮ ತಾಳವಾಡಿ ಸೀಮೆಯವರಿಗೆ ಮೈಗೆ ಮೆತ್ತಿಸಿಕೊಳ್ಳುವುದು ಹೊಸತೇನಲ್ಲ. ದೀಪಾವಳಿ ಮುಗಿಯುತ್ತಿದ್ದಂತೆ ಗುಮಟಾಪುರದ ಗೊರೆಹಬ್ಬದಲ್ಲಿ ಸಗಣಿ ಉಂಡೆಗಳನ್ನೇ ಎರಚಾಡುವವರು ನಾವು. ಹಾಗಾಗಿ ಹಿಂಜರಿಯಬೇಡಿ. ಆದರೆ ತಯಾರಿ ಬೇಕು, ಅದೂ ಕಾಲಿಗಿಂತ ಹೆಚ್ಚಾಗಿ ಕಣ್ಣಿಗೆ, ಉಸಿರಿಗೆ.

ಮೊದಲು ಕಾಲು

ಓಟಕ್ಕೆ ಒಂಬತ್ತು ವಾರ ಮುಂಚೆ ಶುರುಮಾಡಿ. ಸೋಫಾ ಬಿಟ್ಟೇಳದವರನ್ನು ಐದು ಕಿಲೋಮೀಟರ್ ಓಡಿಸಲೆಂದು ಜೋಶ್ ಕ್ಲಾರ್ಕ್ 1996ರಲ್ಲಿ ರೂಪಿಸಿದ ಕ್ರಮವನ್ನೇ ನಾನು ಹಿಡಿದೆ. ವಾರಕ್ಕೆ ಮೂರೇ ದಿನ. ಮೊದಲು ಐದು ನಿಮಿಷ ಬಿರುಸಿನ ನಡಿಗೆ. ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ ಒಟ್ಟು 20 ನಿಮಿಷ. ವಾರ ಕಳೆದಂತೆ ಓಟ ಹಿಗ್ಗುತ್ತದೆ, ನಡಿಗೆ ಕುಗ್ಗುತ್ತದೆ. ಓಡುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಜಾಸ್ತಿಯಾಯಿತೆಂದೇ ಲೆಕ್ಕ. ಒಂದು ವಾರದ ಪಾಠ ಕಷ್ಟವಾದರೆ ಅದನ್ನೇ ಮತ್ತೊಂದು ವಾರ ಮಾಡಿ. ಎದೆನೋವು, ಬಿಪಿ, ಸಕ್ಕರೆ ಕಾಯಿಲೆ ಇರುವವರು ಮೊದಲು ಡಾಕ್ಟರನ್ನು ಕೇಳಿ.

ವಯಸ್ಸಾಯಿತು ಅನ್ನುವವರಿಗೆ ನಮ್ಮೂರಿನವರೇ ಉತ್ತರ. ಇಲ್ಲಿ 1929ರಲ್ಲಿ ಹುಟ್ಟಿದ ಅಣ್ಣಾವ್ರು 1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ಯೋಗಾಸನ ಹಾಕಿ ತೋರಿಸಿದಾಗ ಅವರಿಗೆ 54 ವರ್ಷ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ನಗರದ ಪುಸ್ತಕಗಳು ಮುಂಜಾನೆ ಐದಕ್ಕೆ ಓಡಿ ಅನ್ನುತ್ತವೆ. ಆದರೆ ನಮ್ಮ ಪಕ್ಕದ ಸತ್ಯಮಂಗಲ ಕಾಡು 2013ರಿಂದ ಹುಲಿ ಮೀಸಲು ಪ್ರದೇಶ. ಹೊಲಕ್ಕೆ ಇಳಿದ ಆನೆ ಕಾಡಿಗೆ ಮರಳುವುದೂ ನಸುಕಿನಲ್ಲೇ. ಬೆಳಕು ಚೆನ್ನಾಗಿ ಹರಿದ ಮೇಲೆ, ಜನ ಓಡಾಡುವ ರಸ್ತೆಯಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು ಓಡಿ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ಓಟ ಕೊಯಮತ್ತೂರಿನ ಕಡೆಯಾದರೆ ಹಿಂದಿನ ದಿನ ಹಗಲಲ್ಲೇ ಇಳಿದುಬಿಡಿ. ದಿಂಬಂ ಘಾಟಿಯ 27 ತಿರುವುಗಳಲ್ಲಿ ರಾತ್ರಿ ಸಂಚಾರಕ್ಕೆ 2022ರಿಂದ ನಿರ್ಬಂಧವಿದೆ.

ಆಮೇಲೆ ಬಣ್ಣ

ಹೆಸರು ಬರೆಸುವ ಮುಂಚೆ ಸಂಘಟಕರನ್ನು ಕೇಳಲೇಬೇಕಾದ ಪ್ರಶ್ನೆ: ಪುಡಿ ಯಾವುದರಿಂದ ಮಾಡಿದ್ದು? ಒಳ್ಳೆಯ ಪುಡಿ ಅಂದರೆ ಮುಸುಕಿನ ಜೋಳದ ಪಿಷ್ಟಕ್ಕೆ ಆಹಾರದ ಬಣ್ಣ ಬೆರೆಸಿದ್ದು. ಮಿರಮಿರ ಮಿಂಚುವ, ಸೀಮೆಎಣ್ಣೆಯಂಥ ವಾಸನೆ ಹೊಡೆಯುವ ಅಗ್ಗದ ಪುಡಿಯಿಂದ ದೂರವಿರಿ. ಅಂಥದ್ದರಲ್ಲಿ ಬಟ್ಟೆಯ ಬಣ್ಣವೂ ಇರಬಹುದು; ಬಟ್ಟೆಗೆ ಹಾಕುವ ರೋಡಮೈನ್-ಬಿ ಬೊಂಬಾಯಿ ಮಿಠಾಯಿಯಲ್ಲಿ ಸಿಕ್ಕಿತೆಂದು 2024ರಲ್ಲಿ ತಮಿಳುನಾಡು, ಕರ್ನಾಟಕ ಎರಡೂ ಸರ್ಕಾರಗಳು ನಿಷೇಧ ಹೇರಿದ್ದನ್ನು ಮರೆಯಬೇಡಿ.

ಊರಿನ ಶಾಲೆಯಲ್ಲೋ ಯುವಕ ಸಂಘದಲ್ಲೋ ನೀವೇ ಓಟ ನಡೆಸುವುದಾದರೆ ಬಣ್ಣಕ್ಕೆ ಪೇಟೆಗೆ ಹೋಗಬೇಕಿಲ್ಲ. ಈರೋಡಿನ ಅರಿಸಿನಕ್ಕೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ; ಅದು ನಮ್ಮ ಜಿಲ್ಲೆಯದೇ ಬೆಳೆ. ಒಂದು ಪಾಲು ಅರಿಸಿನ ಪುಡಿಗೆ ಎರಡು ಪಾಲು ಕಡಲೆಹಿಟ್ಟು ಬೆರೆಸಿದರೆ ಹಳದಿ ಸಿದ್ಧ. ಬೀಟ್‌ರೂಟ್ ರಸವನ್ನು ಅಕ್ಕಿಹಿಟ್ಟಿಗೆ ಕಲಸಿ, ನೆರಳಲ್ಲಿ ಒಣಗಿಸಿ, ಜರಡಿ ಹಿಡಿದರೆ ಗುಲಾಬಿ. ಆದರೆ ಅರಿಸಿನಕ್ಕೆ ಸುಣ್ಣ ಬೆರೆಸಿದ ಕೆಂಪು ಓಕುಳಿಯನ್ನು ಮುಖಕ್ಕೆ ಎರಚಬೇಡಿ. ಸುಣ್ಣ ಕಣ್ಣನ್ನು ಸುಡುತ್ತದೆ. ಹಬ್ಬದ ವಾಡಿಕೆ ಏನೇ ಇರಲಿ, ಈ ಮಾತಿನಲ್ಲಿ ನಾನು ಬಗ್ಗುವುದಿಲ್ಲ.

ಪಿಷ್ಟದ ಪುಡಿಗೆ ಇನ್ನೊಂದು ಗುಣವಿದೆ, ಸಂಘಟಕರು ತಿಳಿದಿರಲೇಬೇಕು. ಮೂಟೆಯಲ್ಲಿ ತೆಪ್ಪಗಿರುವ ಹಿಟ್ಟು ಗಾಳಿಯಲ್ಲಿ ಮೋಡದಂತೆ ತೇಲುವಾಗ ಕಣಕಣದ ಸುತ್ತಲೂ ಗಾಳಿ ಸಿಕ್ಕು, ಒಂದು ಕಿಡಿಗೆ ಭಗ್ಗನೆ ಹತ್ತಿಕೊಳ್ಳಬಲ್ಲದು. 2015ರ ಜೂನ್ 27ರಂದು ತೈವಾನಿನ ವಾಟರ್ ಪಾರ್ಕ್ ಒಂದರಲ್ಲಿ ಬಣ್ಣದ ಪುಡಿ ಹೀಗೆಯೇ ಹೊತ್ತಿ 15 ಜನ ಸತ್ತರು, ಸುಮಾರು 500 ಜನ ಗಾಯಗೊಂಡರು. ಆದ್ದರಿಂದ ಬಯಲಲ್ಲಿ, ಕೈಯಿಂದ, ಸ್ವಲ್ಪ ಸ್ವಲ್ಪವೇ ಎರಚಬೇಕು. ಯಂತ್ರದಿಂದ ಚಿಮ್ಮಿಸಬಾರದು. ಹತ್ತಿರದಲ್ಲಿ ಬೀಡಿ, ಪಟಾಕಿ, ಟೀ ಒಲೆ, ಬಿಸಿ ಲೈಟು ಯಾವುದೂ ಇರಬಾರದು.

ಓಟದ ದಿನ

ಹೊಸ ಶೂ ಹಾಕಬೇಡಿ. ಒಂಬತ್ತು ವಾರ ಓಡಿ ಒಗ್ಗಿದ್ದೇ ಸಾಕು. ತಲೆಗೆ, ಮುಖಕ್ಕೆ, ಕಿವಿಯ ಹಿಂದೆ ಕೊಬ್ಬರಿ ಎಣ್ಣೆ ಸವರಿದರೆ ಬಣ್ಣ ಸಲೀಸಾಗಿ ಬಿಡುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಟ್ಟು ಕನ್ನಡಕ ಹಾಕಿ. ಕೊರಳಿಗೊಂದು ಕರ್ಚೀಫ್, ಫೋನಿಗೊಂದು ಪ್ಲಾಸ್ಟಿಕ್ ಚೀಲ. ಹೊರಡುವ ಒಂದೂವರೆ ಗಂಟೆ ಮುಂಚೆ ಎರಡು ಇಡ್ಲಿಯೋ ಬಾಳೆಹಣ್ಣೋ ತಿಂದರೆ ಸಾಕು. ಅಸ್ತಮಾ ಇರುವವರು ಬಣ್ಣದ ತಾಣದೊಳಗೆ ಹೋಗದಿರುವುದೇ ಒಳ್ಳೆಯದು. ಎರಚದ ಅಂಚಿನ ದಾರಿ ಇದೆಯೇ ಎಂದು ಕೇಳಿ.

ಮೊದಲ ಹಳದಿ ಮೋಡದೊಳಗೆ ನಾನು ನಗುತ್ತಾ ನುಗ್ಗಿದೆ. ಬಾಯಿ, ಗಂಟಲು ಎಲ್ಲ ಹಿಟ್ಟು. ಕೆಮ್ಮಿ ಕೆಮ್ಮಿ ನಿಂತ ನನ್ನ ಬೆನ್ನು ಸವರುತ್ತಾ ಮಗಳು, “ಅಮ್ಮಾ, ಅಲ್ಲಿ ಓಡ್ಬೇಡ, ಬಾಯಿ ಮುಚ್ಕೊಂಡು ನಡಿ” ಅಂದಳು. ಎರಡನೆಯ ತಾಣಕ್ಕೆ ಹಾಗೇ ಮಾಡಿದೆ: ಹತ್ತು ಹೆಜ್ಜೆ ಮುಂಚೆಯೇ ನಿಧಾನಿಸಿ, ಕರ್ಚೀಫ್ ಮೂಗಿಗೆ ಏರಿಸಿ, ಕಣ್ಣು ಕಿರಿದು ಮಾಡಿ ನಡೆದು ದಾಟಿದೆ. ಓಡುವವರ ಉಸಿರು ಆಳವಾಗಿರುತ್ತದೆ, ಪುಡಿ ಅಷ್ಟೇ ಆಳಕ್ಕೆ ಹೋಗುತ್ತದೆ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಪಕ್ಕಕ್ಕೆ ಸರಿದು ಚೊಕ್ಕ ನೀರಿನಲ್ಲಿ ತೊಳೆಯುತ್ತಲೇ ಇರಿ. ಉರಿ ಹೋಗದಿದ್ದರೆ ಕಣ್ಣಿನ ಡಾಕ್ಟರ ಬಳಿ ಹೋಗಿ. ಕೊನೆಯ ಕಿಲೋಮೀಟರನ್ನು ನಾವಿಬ್ಬರೂ ಕೈ ಹಿಡಿದು ಓಡಿದೆವು. ಅವಳ ಹುಬ್ಬು ಹಸಿರಾಗಿತ್ತು, ನನ್ನ ಜಡೆ ಗುಲಾಬಿಯಾಗಿತ್ತು.

ಮನೆಗೆ ಬಂದ ಮೇಲೆ

ಮೊದಲು ನೀರು ಮುಟ್ಟಬೇಡಿ. ಒಣಗಿದ ಪುಡಿಯನ್ನು ಅಂಗಳದಲ್ಲೇ ಕೊಡವಿ, ತಲೆಯನ್ನು ಒಣ ಟವೆಲ್ಲಿನಿಂದ ಜಾಡಿಸಿ, ಆಮೇಲೆ ತಣ್ಣೀರಲ್ಲಿ ತೊಳೆಯಿರಿ. ಅಂಗಿಯ ಅರಿಸಿನದ ಕಲೆಗೆ ಸೋಪು ತಾಗಿದೊಡನೆ ಅದು ರಕ್ತದಂತೆ ಕೆಂಪಾಗುತ್ತದೆ. ಹೆದರಬೇಡಿ, ಸುಣ್ಣದಂತೆ ಸೋಪೂ ಕ್ಷಾರ, ಅಷ್ಟೇ. ನೀರಲ್ಲಿ ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ತಿರುಗುತ್ತದೆ. ನಂತರ ಬಿಸಿಲಿಗೆ ಹಾಕಿ. ಅರಿಸಿನ ಬಿಸಿಲಿಗೆ ನಿಲ್ಲುವುದಿಲ್ಲ. ನನ್ನ ಅಂಗಿ ಮೂರು ದಿನ ತಂತಿಯ ಮೇಲಿತ್ತು, ನಾಲ್ಕನೆಯ ದಿನ ಅದನ್ನೇ ತೊಟ್ಟು ಓಡಿದೆ.