ವಳಿವಡೆಯ ಪೋಲಿಷ್ ಮಕ್ಕಳು

ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯು ಬೆಳಗಾವಿ, ನಿಪ್ಪಾಣಿಗಳನ್ನು ದಾಟಿ ಮಹಾರಾಷ್ಟ್ರವನ್ನು ಪ್ರವೇಶಿಸಿದ ಸ್ವಲ್ಪ ದೂರದಲ್ಲಿಯೇ ಕೊಲ್ಹಾಪುರವಿದೆ. ಮಹಾಲಕ್ಷ್ಮಿಯ ದರ್ಶನಕ್ಕಾಗಿ ಕನ್ನಡ ನಾಡಿನಿಂದಲೂ ಸಾವಿರಾರು ಜನ ಅಲ್ಲಿಗೆ ಹೋಗುತ್ತಾರೆ. ಆ ನಗರದ ಸಮೀಪದ ವಳಿವಡೆಯಲ್ಲಿ 1943ರಿಂದ 1948ರ ಆರಂಭದವರೆಗೆ ಪೋಲೆಂಡಿನ ಸುಮಾರು 5000 ನಿರಾಶ್ರಿತರು ವಾಸವಾಗಿದ್ದರೆಂಬುದನ್ನು ಬಲ್ಲವರು ವಿರಳ. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು.

1939ರ ಸೆಪ್ಟೆಂಬರಿನಲ್ಲಿ ಪೋಲೆಂಡಿನ ಮೇಲೆ ಪಶ್ಚಿಮದಿಂದ ಜರ್ಮನಿಯೂ ಪೂರ್ವದಿಂದ ಸೋವಿಯತ್ ಒಕ್ಕೂಟವೂ ದಂಡೆತ್ತಿ ಬಂದವು. 1940ರ ಫೆಬ್ರವರಿಯಿಂದ ಪೂರ್ವ ಪೋಲೆಂಡಿನ ಲಕ್ಷಾಂತರ ಜನರನ್ನು ಸೋವಿಯತ್ ಅಧಿಕಾರಿಗಳು ಸೈಬೀರಿಯ, ಕಜಕಸ್ತಾನಗಳಿಗೆ ಗಡೀಪಾರು ಮಾಡಿದರು. ನಡುರಾತ್ರಿ ಬಾಗಿಲು ತಟ್ಟಿದ ಸೈನಿಕರು ಗಂಟುಮೂಟೆ ಕಟ್ಟಿಕೊಳ್ಳಲು ಒಂದು ಗಂಟೆಯ ಕಾಲವನ್ನೂ ಕೊಡದಿದ್ದುದುಂಟು. ಹಸಿವು, ಚಳಿ, ರೋಗಗಳಿಗೆ ಅನೇಕರು ಬಲಿಯಾದರು. 1941ರಲ್ಲಿ ಜರ್ಮನಿಯು ಸೋವಿಯತ್ ಒಕ್ಕೂಟದ ಮೇಲೆಯೇ ಬಿದ್ದಾಗ ಪರಿಸ್ಥಿತಿ ಬದಲಾಯಿತು. ಬಂಧನದಲ್ಲಿದ್ದ ಪೋಲರು ಬಿಡುಗಡೆ ಹೊಂದಿದರು. ಲಕ್ಷಕ್ಕೂ ಮೇಲ್ಪಟ್ಟ ಜನ ಮರುವರ್ಷ ಇರಾನನ್ನು ಸೇರಿದರು.

ಗಂಡಸರು ಸೈನ್ಯಕ್ಕೆ ಸೇರಿದರು. ಮಕ್ಕಳನ್ನು ಎಲ್ಲಿರಿಸುವುದು? ಆಗ ನವಾನಗರದ ಜಾಮ್‌ಸಾಹೇಬ್ ದಿಗ್ವಿಜಯಸಿಂಹಜಿಯವರು ಅನಾಥ ಮಕ್ಕಳಿಗಾಗಿ ಬಾಲಾಚಡಿಯಲ್ಲಿ ಆಶ್ರಯ ಕಲ್ಪಿಸಿದರು. ಪರತಂತ್ರ ಭಾರತವೇ ಕಷ್ಟದಲ್ಲಿದ್ದ ಕಾಲವದು. ಈ ಔದಾರ್ಯವನ್ನು ಸಾಮಾನ್ಯವೆನ್ನಲಾಗದು. ವಳಿವಡೆಯ ಶಿಬಿರವು ಮರುವರ್ಷ ಆರಂಭವಾಯಿತು. 1946ರಲ್ಲಿ ಬಾಲಾಚಡಿ ಮುಚ್ಚಿದಾಗ ಅಲ್ಲಿ ಉಳಿದಿದ್ದ ಮಕ್ಕಳೂ ಇಲ್ಲಿಗೇ ಬಂದರು.

ವಳಿವಡೆಯು ಒಂದು ಪುಟ್ಟ ಪೋಲಿಷ್ ಪಟ್ಟಣವೇ ಆಯಿತು. ಸಾಲುಸಾಲಾದ ವಸತಿಗಳು, ಶಾಲೆಗಳು, ಚರ್ಚು, ಆಸ್ಪತ್ರೆ, ನಾಟಕಶಾಲೆ ಎಲ್ಲವೂ ಅಲ್ಲಿದ್ದವು. ಮಕ್ಕಳು ಮಾತೃಭಾಷೆಯಲ್ಲಿ ಪಾಠ ಕಲಿತರು. ಸ್ಕೌಟು ದಳಗಳನ್ನು ಕಟ್ಟಿದರು. ಹಿಮದ ನಾಡಿನಿಂದ ಬಂದವರು ಮುಂಗಾರಿನ ಮಳೆಗೂ ಮಾವಿನ ಹಣ್ಣಿಗೂ ಒಗ್ಗಿಕೊಂಡರು. ತಾಯಿಯನ್ನೂ ತಮ್ಮಂದಿರನ್ನೂ ಸೈಬೀರಿಯದ ಮಣ್ಣಿನಲ್ಲಿ ಬಿಟ್ಟುಬಂದ ಬಾಲಕನಿಗೆ ಪಕ್ಕದ ಹಾಸಿಗೆಯ ಗೆಳೆಯನೇ ಬಂಧುವಾದನು.

ಯುದ್ಧವೇನೋ ಮುಗಿಯಿತು. ಆದರೆ ಅವರ ಊರುಗಳು ಸೋವಿಯತ್ ಒಕ್ಕೂಟಕ್ಕೆ ಸೇರಿಹೋಗಿದ್ದವು. ಹಿಂದಿರುಗಲು ಮನೆಯೇ ಇರಲಿಲ್ಲ. ಶಿಬಿರವು ಮುಚ್ಚಿದಾಗ ಕೆಲವರು ಇಂಗ್ಲೆಂಡಿಗೆ, ಕೆಲವರು ಆಸ್ಟ್ರೇಲಿಯ, ಕೆನಡ, ಅಮೆರಿಕಗಳಿಗೆ, ಕೆಲವರು ಆಫ್ರಿಕಕ್ಕೆ ಚದುರಿದರು. ಪೋಲೆಂಡಿಗೆ ಮರಳಿದವರ ಪಾಡು ಬೇರೆ. ಅಲ್ಲಿನ ಕಮ್ಯುನಿಸ್ಟ್ ಆಡಳಿತದಲ್ಲಿ ಗಡೀಪಾರಿನ ವಿಷಯವನ್ನು ಬಹಿರಂಗವಾಗಿ ಎತ್ತುವಂತಿರಲಿಲ್ಲ. ಸೈಬೀರಿಯವನ್ನು ಬಿಟ್ಟು ವಳಿವಡೆಯ ಕಥೆಯನ್ನು ಹೇಳುವುದಾದರೂ ಹೇಗೆ? ಆದುದರಿಂದ ಅನೇಕರು ಮೌನವಾಗಿಯೇ ಉಳಿದರು.

ಅಗಲಿದ ಗೆಳೆಯರನ್ನು ಹುಡುಕುವುದು ಸುಲಭವಾಗಿರಲಿಲ್ಲ. ವಿಳಾಸಗಳು ಬದಲಾಗಿದ್ದವು, ಮದುವೆಯಾದ ಹುಡುಗಿಯರ ಮನೆತನದ ಹೆಸರೂ ಬದಲಾಗಿತ್ತು. ಉಳಿದಿದ್ದುದು ಮಾಸಿದ ತರಗತಿಯ ಛಾಯಾಚಿತ್ರ, ಬಾಲ್ಯದ ಅಡ್ಡಹೆಸರು, ಇಷ್ಟೇ. 1989ರಲ್ಲಿ ಪೋಲೆಂಡಿನ ಆಡಳಿತ ಬದಲಾದ ಮೇಲೆ ಹಾದಿ ತೆರೆಯಿತು. 1942ರಿಂದ 1948ರವರೆಗೆ ಭಾರತದಲ್ಲಿದ್ದ ಪೋಲರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಆ ವೇಳೆಗೆ ಅಜ್ಜ ಅಜ್ಜಿಯರಾಗಿದ್ದ ಸಹಪಾಠಿಗಳು ಸಮ್ಮೇಳನಗಳಲ್ಲಿ ಕಲೆತರು. ತಮ್ಮ ನೆನಪುಗಳನ್ನೂ ದಾಖಲೆಗಳನ್ನೂ ಕೂಡಿಸಿ ದೊಡ್ಡದೊಂದು ಗ್ರಂಥವನ್ನೇ ಹೊರತಂದರು.

2019ರ ಸೆಪ್ಟೆಂಬರಿನಲ್ಲಿ ಅವರಲ್ಲಿ ಕೆಲವರು, ಇಳಿವಯಸ್ಸನ್ನು ಲೆಕ್ಕಿಸದೆ, ಕೊಲ್ಹಾಪುರಕ್ಕೆ ಬಂದರು. ಶಿಬಿರದ ಬಹುಭಾಗ ಅಳಿದಿತ್ತು. ಪೋಲರು ತೆರವು ಮಾಡಿದ ಆ ನೆಲೆಯಲ್ಲಿ ದೇಶವಿಭಜನೆಯಿಂದ ಮನೆ ಕಳೆದುಕೊಂಡ ಸಿಂಧಿ ಜನರು ನೆಲಸಿದ್ದರು. ಇಂದು ಅದು ಗಾಂಧಿನಗರ. ಮರಳಿ ದೇಶ ಕಾಣದೆ ಶಿಬಿರದಲ್ಲಿಯೇ ತೀರಿಕೊಂಡವರ ಸಮಾಧಿಗಳು ಮಾತ್ರ ಕೊಲ್ಹಾಪುರದ ಸ್ಮಶಾನದಲ್ಲಿ ಇನ್ನೂ ಇವೆ.